ಚಲೋ ಆಗ್ಯಾವು

ಸುಳ್ಳು ಹೇಳಬಾರದೆಂದು ನನಗೆ ಕಲಿಸಿದವಳು ನನ್ನ ಅಕ್ಕ. ಚಿಕ್ಕಂದಿನಲ್ಲಿ ಒಮ್ಮೆ ಮಾಡದಲ್ಲಿಟ್ಟ ಡಬ್ಬಿಯಿಂದ ಬೆಲ್ಲ ಕದ್ದು ತಿಂದು, ಅದನ್ನು ಇಲಿ ತಿಂದಿತೆಂದು ಅವ್ವನ ಮುಂದೆ ಹೇಳಿದೆ. ಅವ್ವ ನಂಬಿದಳು, ಅಥವಾ ನಂಬಿದಂತೆ ಮಾಡಿದಳು. ಅಕ್ಕ ಮಾತ್ರ ನನ್ನನ್ನು ಹಿತ್ತಲಿಗೆ ಕರೆದೊಯ್ದು, ಅಂಟಂಟಾಗಿದ್ದ ನನ್ನ ಕೈಯನ್ನು ಹಿಡಿದು, "ಇಲಿಗೆ ಇಷ್ಟು ದೊಡ್ಡ ಬೆರಳು ಇರತಾವೇನೋ?" ಎಂದು ಕೇಳಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಆ ಒಂದು ಪ್ರಶ್ನೆಯ ಭಯದಿಂದಲೇ ನಾನು ನೌಕರಿಯ ಮೂವತ್ತು ವರ್ಷಗಳನ್ನು ಬಹಳ ಮಟ್ಟಿಗೆ ಸತ್ಯವಂತನಾಗಿಯೇ ಕಳೆದೆನೆಂದರೆ ಅತಿಶಯೋಕ್ತಿಯಲ್ಲ.

ಅದೇ ಅಕ್ಕನಿಗೆ, ಅರವತ್ತು ದಾಟಿದ ಈ ವಯಸ್ಸಿನಲ್ಲಿ, ಮತ್ತೆ ಬೆಲ್ಲದ ವಿಷಯದಲ್ಲಿಯೇ ನಾನೊಂದು ಸುಳ್ಳು ಹೇಳಿದೆ. ಎರಡೇ ಶಬ್ದಗಳ ಸುಳ್ಳು. "ಚಲೋ ಆಗ್ಯಾವು" ಎಂದೆ. ಈ ಎರಡು ಶಬ್ದಗಳನ್ನು ಓದುಗರಲ್ಲಿ ಹೇಳದವರು ಯಾರೂ ಇರಲಾರರಾದುದರಿಂದ, ಅದರ ವಿಚಾರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಅಕ್ಕನ ಮನೆ ಶಿಗ್ಗಾವಿಯಲ್ಲಿ, ನಾನಿರುವುದು ಹುಬ್ಬಳ್ಳಿಯಲ್ಲಿ. ಭಾವನವರು ತೀರಿಕೊಂಡು ನಾಲ್ಕು ವರ್ಷಗಳಾದವು. ನಮ್ಮ ಬಳಗದಲ್ಲೆಲ್ಲ ಅಕ್ಕನ ಹೆಸರು ನಿಂತಿರುವುದು ಅವಳ ಖಡಕ ರೊಟ್ಟಿಯ ಮೇಲೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿ, ಅಂಗೈಯಿಂದ ಬಡಿಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ ಬೇಯಿಸುವುದು ಎಲ್ಲರೂ ಮಾಡುವಂಥಾದ್ದೇ. ಆದರೆ ಬೆಂದ ರೊಟ್ಟಿಯನ್ನು ಅಕ್ಕ ಬುಟ್ಟಿಗೆ ಹಾಕುತ್ತಿರಲಿಲ್ಲ. ಒಲೆಯ ಬಾಯಿಯ ಮುಂದೆ, ಕೆಂಡದ ಕಾವು ತಾಗುವಂತೆ, ಒಂದಕ್ಕೊಂದು ಆನಿಸಿ ನಿಲ್ಲಿಸುತ್ತಿದ್ದಳು. ಮುಂದಿನ ರೊಟ್ಟಿ ಬೇಯುವವರೆಗೆ ಹಿಂದಿನದು ಒಣಗುತ್ತಿತ್ತು. ಪೂರ್ತಿ ಆರಿದ ಮೇಲೆಯೇ ಅವುಗಳನ್ನು ಬುಟ್ಟಿಯಲ್ಲಿ ಒಟ್ಟುವುದು. ಹಾಗೆ ಒಟ್ಟಿದ ರೊಟ್ಟಿ ತಿಂಗಳು ಕಳೆದರೂ ಮುರಿದರೆ 'ಕಟ್' ಎನ್ನುತ್ತಿತ್ತು. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ಬಂಡಿಗಟ್ಟಲೆ ರೊಟ್ಟಿಯನ್ನು ದಾಸೋಹಕ್ಕೆ ಒಯ್ಯುತ್ತಾರಲ್ಲ, ಈ ಗುಣವಿಲ್ಲದಿದ್ದರೆ ಅದು ಸಾಧ್ಯವೇ ಇರುತ್ತಿರಲಿಲ್ಲ.

ಈಗ ಅಕ್ಕನಿಗೆ ಭುಜದ ನೋವು. ರೊಟ್ಟಿ ಬಡಿಯಲು ಆಗುವುದಿಲ್ಲ. ಕೈ ಸುಮ್ಮನೆ ಕೂಡ್ರಲೊಲ್ಲದು. ಮಹಿಳಾ ಸಂಘದಿಂದ ಸಾಲ ತೆಗೆದು ಒಂದು ವಿದ್ಯುತ್ತಿನ ಓವನ್ನು ಕೊಂಡಳು. ಬೆಲ್ಲ, ಗೋಧಿಹಿಟ್ಟು, ಬೆಣ್ಣೆ ಹಾಕಿ ಬಿಸ್ಕೀಟು ಮಾಡತೊಡಗಿದಳು. ಈಗಿನ ಜನಕ್ಕೆ ಸಕ್ಕರೆಯೆಂದರೆ ಹಾವು ಕಂಡಂತಾಗುತ್ತದೆ. 'ಬೆಲ್ಲದ್ದು' ಎಂದರೆ ಎರಡು ರೂಪಾಯಿ ಹೆಚ್ಚು ಕೊಡುತ್ತಾರೆ ಎಂಬುದನ್ನು ಅವಳು ಸಂಘದ ಸಭೆಯಲ್ಲಿ ತಿಳಿದುಕೊಂಡು ಬಂದಿದ್ದಳು. ಮಾರುವ ಸ್ಥಳವನ್ನೂ ಗೊತ್ತು ಮಾಡಿಕೊಂಡಿದ್ದಳು. ಶಿಗ್ಗಾವಿಯ ಸಮೀಪ ಹೆದ್ದಾರಿಯ ಮೇಲಿರುವ ಗೊಟಗೋಡಿ ಮೊದಲು ಹತ್ತರಲ್ಲಿ ಹನ್ನೊಂದನೆಯ ಹಳ್ಳಿಯಾಗಿತ್ತು. ಕಲಾವಿದ ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಅಲ್ಲಿ ಬಂತು. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವೂ ಅಲ್ಲಿಯೇ ನೆಲೆಯೂರಿತು. ಈಗ ಶಾಲೆಯ ಮಕ್ಕಳು ಬಸ್ಸುಗಟ್ಟಲೆ ಬರುತ್ತಾರೆ. ಮಕ್ಕಳು ಬಂದಲ್ಲಿ ಬಿಸ್ಕೀಟು ಹೋಗುತ್ತದೆಂಬ ಅಕ್ಕನ ಲೆಕ್ಕ ತಪ್ಪಲ್ಲ. ಹೆದ್ದಾರಿಯ ಮಗ್ಗುಲಿನ ಒಂದು ಚಹದ ಅಂಗಡಿಯವನು ಇಟ್ಟು ನೋಡಲು ಒಪ್ಪಿದನು.

ಮಾರುವುದಕ್ಕೆ ಮೊದಲು ಅವಳು ಒಂದು ಡಬ್ಬಿ ತುಂಬ ನನಗೆ ಕಳಿಸಿದಳು. "ತಿಂದು ಹೇಳು" ಎಂಬ ಒಕ್ಕಣೆ.

ತಿಂದೆವು. ರುಚಿ ಚೆನ್ನಾಗಿಯೇ ಇತ್ತು. ಬೆಲ್ಲ, ಯಾಲಕ್ಕಿಯ ಪರಿಮಳ ಮನೆ ತುಂಬಿತು. ಆದರೆ ಡಬ್ಬಿ ಹುಬ್ಬಳ್ಳಿಗೆ ಬಂದು ಮುಟ್ಟುವಷ್ಟರಲ್ಲಿಯೇ ಬಿಸ್ಕೀಟು ಮೆದುವಾಗಿತ್ತು. ಮರುದಿನ ಇನ್ನಷ್ಟು. ಮೂರನೆಯ ದಿನ ಮುರಿದರೆ ಸಪ್ಪಳವಿಲ್ಲ. ಹರಿದ ಹಳೆಯ ಕಂಬಳಿಯ ಹಾಗೆ ಬಾಗಿ, ಆಮೇಲೆ ಎರಡಾಯಿತು. ನನ್ನ ಹೆಂಡತಿ ಒಂದೂ ಮಾತಾಡದೆ ಚಹದಲ್ಲಿ ಅದ್ದಿಕೊಂಡು ತಿಂದಳು. ಮೊಮ್ಮಗ ಒಂದನ್ನು ಅರ್ಧ ಕಚ್ಚಿ, ಉಳಿದರ್ಧವನ್ನು ಸೋಫಾದ ಸಂದಿಯಲ್ಲಿ ಇಟ್ಟನು. ಅಂದು ಸಂಜೆ ಅಕ್ಕನ ಫೋನು ಬಂತು.

"ಹ್ಯಾಂಗ ಆಗ್ಯಾವೋ ತಮ್ಮಾ?"

"ಚಲೋ ಆಗ್ಯಾವು, ಅಕ್ಕಾ."

"ಗರಿಗರಿ ಅದಾವಿಲ್ಲ?"

"ಭಾಳ ಚಲೋ ಅದಾವು."

ಎರಡನೆಯ ಪ್ರಶ್ನೆಗೆ ನಾನು ಕೊಟ್ಟದ್ದು ಉತ್ತರವಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಅಕ್ಕ ಗಮನಿಸಲಿಲ್ಲ. ಗಮನಿಸುವ ಮನಸ್ಸು ಅವಳಿಗೆ ಅಂದು ಇರಲಿಲ್ಲ. ಅವಳಿಗೆ ಬೇಕಾದ ಶಬ್ದ ಸಿಕ್ಕಿತ್ತು.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಕ್ಕ 60 ಪೊಟ್ಟಣ ಮಾಡಿ ಅಂಗಡಿಗೆ ಹಾಕಿದಳು. ಶ್ರಾವಣದ ದಿನಗಳು. ನಮ್ಮ ಶಿಗ್ಗಾವಿಯ ಸೀಮೆ ಅತ್ತ ಬಯಲೂ ಅಲ್ಲ, ಇತ್ತ ಮಲೆನಾಡೂ ಅಲ್ಲ. ಜಡಿಮಳೆ ಹಿಡಿಯಿತೆಂದರೆ ಹಾಸಿಗೆ ಕೂಡ ಹಸಿಹಸಿಯೆನಿಸುತ್ತದೆ. ವಾರದೊಳಗೆ ಅಂಗಡಿಯವನು 47 ಪೊಟ್ಟಣಗಳನ್ನು ತಿರುಗಿ ಕಳಿಸಿದನು. ಅವನು ಕೆಟ್ಟವನಲ್ಲ. "ಅಮ್ಮಾರ, ರುಚಿ ಐತಿ, ಆದ್ರ ಹಳೇವು ಅಂತಾರ್ರೀ ಮಂದಿ" ಎಂದನಂತೆ. ಮಾಡಿ ಮೂರು ದಿನವಾದುದು 'ಹಳೆಯದು' ಎನ್ನಿಸಿಕೊಂಡಿತು. ಸಂಘದ ಕಂತು ಕಟ್ಟುವ ತಿಂಗಳು ಅದು. ಅಕ್ಕ ತನ್ನ ಬಳೆಯನ್ನೇನೂ ಒತ್ತೆಯಿಡಲಿಲ್ಲ. ಆದರೆ ಕಂತಿಗೆಂದು ಮಗನ ಮುಂದೆ ಕೈಯೊಡ್ಡಿದಳು. ಭಾವನವರು ಇರುವಾಗಲೂ ಅವಳು ಯಾರ ಮುಂದೆಯೂ ಹಾಗೆ ಕೈಯೊಡ್ಡಿದವಳಲ್ಲ.

ಮುಂದಿನ ಭಾನುವಾರ ನಾನು ಹೋದೆ. ಮನೆಯಲ್ಲಿ ಮಾತಾಡುವುದು ಬೇಡವೆನಿಸಿತೋ ಏನೋ, ಉಳಿದ ಪೊಟ್ಟಣಗಳ ಲೆಕ್ಕ ಮುಗಿಸಲು ಅಂಗಡಿಗೆ ಹೋಗಬೇಕೆಂದು ಅಕ್ಕ ನನ್ನನ್ನೂ ಗೊಟಗೋಡಿಗೆ ಕರೆದುಕೊಂಡು ಹೋದಳು. ಲೆಕ್ಕ ಮುಗಿದ ಮೇಲೆ ಗಾರ್ಡನ್ನಿನೊಳಗೆ ಹೋಗಿ ಕುಳಿತೆವು. ಕಾಣದವರಿಗಾಗಿ ಒಂದು ಮಾತು: ಅಲ್ಲಿ ನಮ್ಮ ಹಳ್ಳಿಯ ಬಾಳುವೆಯನ್ನೇ ಸಿಮೆಂಟಿನಲ್ಲಿ ಎತ್ತಿ ನಿಲ್ಲಿಸಿದ್ದಾರೆ. ಆಳೆತ್ತರದ ಜನ, ಅವರ ರುಮಾಲು, ಸೀರೆಯ ನಿರಿಗೆ, ದನಕರು, ಎಲ್ಲವೂ ಎಷ್ಟು ನಿಜವೆಂದರೆ ಹೊಸದಾಗಿ ಬಂದವರು 'ನಮಸ್ಕಾರ' ಎನ್ನಬೇಕು. ಆ ಸಿಮೆಂಟಿನ ಮಂದಿಯನ್ನು ನೋಡುತ್ತ ಅಕ್ಕ ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟಳು.

"ಇವರಿಗೆ ಕೇಳಿದ್ರ ಚಲೋ ಇತ್ತು. ಸುಳ್ಳರ ಹೇಳತಿದ್ದಿಲ್ಲ."

ನಾನು ತಲೆ ತಗ್ಗಿಸಿದೆ. "ನಿನ್ನ ಮನಸಿಗೆ ಬ್ಯಾಸರ ಆಗಬಾರದು ಅಂತ ಹೇಳಿದೆ ಅಕ್ಕಾ" ಎಂದೆ.

"ಯಾರ ಮನಸಿಗೆ?" ಎಂದಳು ಅವಳು.

ಇಲಿಯ ಬೆರಳಿನ ಪ್ರಶ್ನೆಯ ಹಾಗೆಯೇ ಇದೂ ನನ್ನ ಬೆನ್ನು ಹತ್ತಿತು. ಹುಬ್ಬಳ್ಳಿಗೆ ಮರಳುವಾಗ ಬಸ್ಸಿನಲ್ಲಿ ನಾನು ನನ್ನ ಪರವಾಗಿ ದೊಡ್ಡ ದೊಡ್ಡ ವಕೀಲರನ್ನು ಕರೆದೆ. ಮನುಸ್ಮೃತಿ ಸತ್ಯವನ್ನೂ ಹೇಳು, ಪ್ರಿಯವನ್ನೂ ಹೇಳು ಎಂದು ವಿಧಿಸಿ, ಅಪ್ರಿಯವಾದ ಸತ್ಯವನ್ನು ಆಡಬೇಡವೆಂದು ತಡೆಯುತ್ತದೆ. ಇಷ್ಟು ಭಾಗ ನನಗೆ ಅನುಕೂಲ. ಆದರೆ ಅಲ್ಲಿಗೇ ನಿಲ್ಲದೆ, ಪ್ರಿಯವಾದ ಅಸತ್ಯವೂ ಬೇಡವೆಂದು ಹೇಳಿ ಕೈಬಿಡುತ್ತದೆ. ಹಾಗಾದರೆ ಮೆತ್ತಗಾದ ಬಿಸ್ಕೀಟಿನ ಮುಂದೆ ಮನುಷ್ಯ ಏನು ಮಾಡಬೇಕು? ಬಾಯಿ ಮುಚ್ಚಿಕೊಳ್ಳಬೇಕು. ಫೋನಿನಲ್ಲಿ ಅಕ್ಕ ಕೇಳಿದಾಗ ಬಾಯಿ ಮುಚ್ಚಿಕೊಳ್ಳುವುದೆಂದರೆ ಅದೂ ಒಂದು ಉತ್ತರವೇ.

ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಕೌಶಿಕನೆಂಬ ಬ್ರಾಹ್ಮಣನ ಕಥೆ ಹೇಳುತ್ತಾನೆ. ಸತ್ಯವನ್ನೇ ನುಡಿಯುವ ವ್ರತ ಕೌಶಿಕನದು. ದರೋಡೆಕೋರರಿಗೆ ಹೆದರಿ ಕಾಡಿನಲ್ಲಿ ಅಡಗಿದವರು ಯಾವ ಕಡೆಗೆ ಹೋದರೆಂದು ಕಳ್ಳರು ಕೇಳಿದಾಗ ಅವನು ಸತ್ಯವನ್ನೇ ಹೇಳಿ, ಅವರ ಸಾವಿಗೆ ಕಾರಣನಾಗಿ, ನರಕಕ್ಕೆ ಹೋದನು. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1797ರಲ್ಲಿ ಇಂಥದೇ ಸನ್ನಿವೇಶವನ್ನು ಎತ್ತಿಕೊಂಡು ತದ್ವಿರುದ್ಧವಾದ ತೀರ್ಪು ಕೊಟ್ಟನು. ಕೊಲೆಗಡುಕ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳಾಡುವ ಹಕ್ಕು ನಿನಗಿಲ್ಲವೆಂಬುದು ಅವನ ನಿಲುವು. ಒಂದೇ ಕಥೆ, ಎರಡು ನೆಲ, ಎರಡು ತೀರ್ಪು. ಯಾವುದು ಸರಿಯೆಂದು ಪಂಡಿತರು ಇನ್ನೂ ಕಾದಾಡಲಿ, ನನಗೆ ಕೃಷ್ಣನ ಕಡೆಯೇ ಒಲವು. ಆದರೆ ನನ್ನ ಪ್ರಕರಣಕ್ಕೆ ಇಬ್ಬರೂ ಒದಗಿ ಬರಲಿಲ್ಲ. ಅಕ್ಕನ ಹಿಂದೆ ಯಾವ ಕೊಲೆಗಡುಕನೂ ಬಂದಿರಲಿಲ್ಲ. ನನ್ನ ಸುಳ್ಳಿನಿಂದ ಒಂದು ನೊಣದ ಜೀವವೂ ಉಳಿಯಲಿಲ್ಲ.

ಹಾಗಾದರೆ ನಾನು ಉಳಿಸಿದ್ದು ಯಾರನ್ನು? ವಿಚಾರ ಮಾಡಿದಷ್ಟೂ ಉತ್ತರ ಲಜ್ಜೆಯದಾಗುತ್ತ ಹೋಯಿತು. 'ಮೆತ್ತಗಾಗ್ಯಾವು' ಎಂದಿದ್ದರೆ ಫೋನಿನಲ್ಲಿ ಒಂದು ಕ್ಷಣದ ಮೌನ ಬರುತ್ತಿತ್ತು. ಆ ಮೌನವನ್ನು ಕೇಳುವ ಧೈರ್ಯ ನನಗಿರಲಿಲ್ಲ. ಅಷ್ಟೇ ಅಲ್ಲ. ಯಾಕೆ ಮೆತ್ತಗಾದವು ಎಂದು ಅವಳು ಕೇಳುತ್ತಿದ್ದಳು, ನನಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ತೊಂದರೆ ನನಗೆ ಬೇಕಾಗಿರಲಿಲ್ಲ. ಇದಕ್ಕಿಂತಲೂ ಒಳಗಿನ ಇನ್ನೊಂದು ಮಾತುಂಟು. ಅಕ್ಕನ ಬಿಸ್ಕೀಟನ್ನು ನಾನು ಒಂದು ವ್ಯಾಪಾರವೆಂದು ಎಣಿಸಿರಲೇ ಇಲ್ಲ. ಭಾವನವರು ಹೋದ ಮೇಲೆ ಮುದುಕಿಗೆ ಹೊತ್ತು ಹೋಗಲೆಂದು ಮಾಡುವ ಆಟ ಅದು ಎಂದುಕೊಂಡಿದ್ದೆ. ನನ್ನ ಮಗನೊಬ್ಬನು ಕಾರಖಾನೆ ಹಾಕಿ ಮಾದರಿಯ ಸಾಮಾನು ತೋರಿಸಿದ್ದರೆ, ಹತ್ತು ದೋಷಗಳನ್ನು ಎಣಿಸಿ ಹೇಳುತ್ತಿದ್ದೆ. ಅವನು ಸಿಟ್ಟಾದರೂ ಬಿಡುತ್ತಿರಲಿಲ್ಲ. ಅಕ್ಕನಿಗೆ 'ಚಲೋ ಆಗ್ಯಾವು' ಸಾಕಾಯಿತು.

'ಮನೆಯಲ್ಲಿ ಮಾಡಿದ್ದು' ಎಂಬ ಮಾತನ್ನು ನಾವು ಎಷ್ಟು ಅಕ್ಕರೆಯಿಂದ ಆಡುತ್ತೇವೆ! ಅಂಗಡಿಯ ಚಕ್ಕುಲಿ ಮೆತ್ತಗಿದ್ದರೆ ಹಣ ತಿರುಗಿ ಕೇಳುವವರು, ಮನೆಯ ಚಕ್ಕುಲಿ ಮೆತ್ತಗಿದ್ದರೆ 'ಮನೆಯದಲ್ಲವೇ' ಎನ್ನುತ್ತೇವೆ. ಅದು ಪ್ರೀತಿಯೆಂದು ನಾನೂ ನಂಬಿದ್ದೆ. ಉಣಬಡಿಸಿದವಳಿಗೆ ಅತಿಥಿ ಹೇಳುವ ಮಾತಾದರೆ ಅದು ಪ್ರೀತಿಯೇ. ಅದನ್ನು ಯಾವ ಕಾಂಟನೂ ಕೆಡಿಸಬೇಕಾಗಿಲ್ಲ. ಊಟವಾಯಿತು, ಋಣ ತೀರಿತು. ಆದರೆ ಮಾಡಿದವಳು ಕೈಕೆಲಸದವಳಾಗಿ ನಿಂತು, 'ಹೇಗಾಗಿದೆ?' ಎಂದು ಕೇಳಿದಾಗ, ಅವಳು ಹೊಗಳಿಕೆಯನ್ನು ಕೇಳುತ್ತಿಲ್ಲ, ನಮ್ಮ ನಾಲಗೆಯನ್ನು ಒಂದು ಗಳಿಗೆ ಕಡ ಕೇಳುತ್ತಿದ್ದಾಳೆ. ತನ್ನ ಕಣ್ಣು ಹೋಗದ ಕಡೆಗೆ, ಅಂದರೆ ಮೂರನೆಯ ದಿನದ ಡಬ್ಬಿಯೊಳಗೆ, ನಮ್ಮ ಕಣ್ಣು ಹೋಗಲೆಂದು ಕಳಿಸಿದ್ದಾಳೆ. ಅಲ್ಲಿ 'ಮನೆಯದಲ್ಲವೇ' ಎನ್ನುವುದು, ಇವಳಿಂದ ಇದಕ್ಕಿಂತ ಹೆಚ್ಚು ಆಗಲಾರದೆಂದು ಒಳಗೊಳಗೇ ತೀರ್ಮಾನಿಸಿದ ಹಾಗೆ.

ಇಷ್ಟೆಲ್ಲ ಹೊಳೆದ ಮೇಲೆ, ಬರಿಯ ಕ್ಷಮೆ ಬೇಡುವುದು ಅಗ್ಗದ ಕೆಲಸವೆನಿಸಿತು. ಬಿಸ್ಕೀಟು ಯಾಕೆ ಮೆತ್ತಗಾಗುತ್ತದೆಂಬುದನ್ನೇ ತಿಳಿಯಹತ್ತಿದೆ. ನಿವೃತ್ತನ ಹೊತ್ತು, ಪುಸ್ತಕ ನೋಡಿದೆ, ಬೇಕರಿಯಲ್ಲಿ ಕೆಲಸ ಮಾಡುವ ಪರಿಚಯದವರನ್ನು ಕಾಡಿದೆ, ಮನೆಯ ಅಡಿಗೆಮನೆಯಲ್ಲಿ ಹೆಂಡತಿಯ ತಾಳ್ಮೆಯನ್ನೂ ಒಂದಿಷ್ಟು ಬೆಣ್ಣೆಯನ್ನೂ ಹಾಳುಮಾಡಿದೆ.

ಮೊದಲು ತಿಳಿದ ಸೋಜಿಗವೆಂದರೆ, ರೊಟ್ಟಿ, ಬ್ರೆಡ್ಡು, ಕೇಕು ಹಳಸಿದರೆ ಗಟ್ಟಿಯಾಗುತ್ತವೆ. ಬಿಸ್ಕೀಟು ಹಳಸಿದರೆ ಮೆತ್ತಗಾಗುತ್ತದೆ. 1991ರಲ್ಲಿ ಇಂಗ್ಲೆಂಡಿನಲ್ಲಿ ಜಾಫಾ ಕೇಕು ಎಂಬ ತಿನಿಸು ಕೇಕೋ ಬಿಸ್ಕೀಟೋ ಎಂಬ ವ್ಯಾಜ್ಯ ತೆರಿಗೆಯ ನ್ಯಾಯಮಂಡಳಿಯ ಮುಂದೆ ಬಂತು. ಕೇಕಿಗೆ ತೆರಿಗೆಯಿಲ್ಲ, ಚಾಕಲೇಟು ಬಳಿದ ಬಿಸ್ಕೀಟಿಗೆ ಉಂಟು. ಅಲ್ಲಿ ವಿಚಾರಕ್ಕೆ ಬಂದ ಅಂಶಗಳಲ್ಲಿ ಒಂದು, ಇದು ಹಳಸಿದಾಗ ಗಟ್ಟಿಯಾಗುತ್ತದೆ, ಆದ್ದರಿಂದ ಕೇಕು ಎಂಬುದು. ಕೊನೆಗೆ ಕೇಕೆಂದೇ ತೀರ್ಪಾಯಿತು. ಅಂದರೆ ಬಿಸ್ಕೀಟಿನ ಜಾತಿಯೇ ಗಾಳಿಯ ತೇವವನ್ನು ಹೀರುವುದು. ಒಳಗಿನ ನೀರನ್ನೆಲ್ಲ ಬೆಂಕಿಗೆ ಕೊಟ್ಟು ಬಂದ ವಸ್ತು, ಹೊರಗೆ ಎಲ್ಲಿ ನೀರು ಸಿಕ್ಕೀತೆಂದು ಕಾಯುತ್ತ ಕೂತಿರುತ್ತದೆ.

ಆ ಹೀರುವಿಕೆಗೆ ಬೆಲ್ಲ ದೊಡ್ಡ ಸಹಾಯಕ. ಬಿಳಿ ಸಕ್ಕರೆ ಭಟ್ಟಿಯಲ್ಲಿ ಕರಗಿ, ಆರುವಾಗ ಗಾಜಿನಂತೆ ಗಟ್ಟಿಯಾಗುತ್ತದೆ. ಬಿಸ್ಕೀಟು 'ಕಟ್' ಎನ್ನುವುದು ಆ ಗಾಜಿನಿಂದ. ಬೆಲ್ಲದಲ್ಲಿ ಸಕ್ಕರೆಯ ಜೊತೆಗೆ ಗ್ಲೂಕೋಸು, ಫ್ರಕ್ಟೋಸುಗಳೂ ಇರುತ್ತವೆ. ಇವು, ಅದರಲ್ಲಿಯೂ ಫ್ರಕ್ಟೋಸು, ಗಾಳಿಯಿಂದ ನೀರು ಸೆಳೆಯುವುದರಲ್ಲಿ ಬಹು ಚುರುಕು. ಮಳೆಗಾಲದಲ್ಲಿ ಬೆಲ್ಲದ ಡಬ್ಬಿ ತಾನೇ ತಾನಾಗಿ ಒಸರುವುದನ್ನು ಯಾವ ಮನೆಯವರು ಕಂಡಿಲ್ಲ? ಬೆಲ್ಲದ ಇನ್ನೊಂದು ಮೋಸ ಬಣ್ಣದ್ದು. ಅದು ಬೇಗ ಕೆಂಪೇರುತ್ತದೆ. ಫ್ರಾನ್ಸಿನ ಮೈಯಾರ್ ಎಂಬ ವಿಜ್ಞಾನಿ 1912ರಲ್ಲಿ ವಿವರಿಸಿದ ಕ್ರಿಯೆ ಅದು. ಕಾವಿನಲ್ಲಿ ಸಕ್ಕರೆಯ ಕೆಲವು ಬಗೆಗಳು ಹಿಟ್ಟಿನ ಸಸಾರಜನಕದ ಅಂಶದೊಡನೆ ಕೂಡಿ ಕಂದು ಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ. ಹೊರಗೆ ಕೆಂಪಾಯಿತೆಂದು ಅಕ್ಕ ಟ್ರೇ ಹೊರಗೆ ತೆಗೆಯುತ್ತಿದ್ದಳು. ಒಳಗೆ ನೀರು ಹಾಗೆಯೇ ಕೂತಿರುತ್ತಿತ್ತು. ಅದರ ಮೇಲೆ ಅವಳು ಬೆಣ್ಣೆ ಹಾಕಿದ್ದಳು. ಬೆಣ್ಣೆಯಲ್ಲಿ ನೂರಕ್ಕೆ ಹದಿನಾರರ ಆಸುಪಾಸು ನೀರೇ ಇರುತ್ತದೆ, ತುಪ್ಪದಲ್ಲಿ ಇಲ್ಲ. ಕೊನೆಯ ತಪ್ಪು ಅವಸರದ್ದು. ಬಿಸಿ ಆರುವ ಮೊದಲೇ ಪೊಟ್ಟಣ ಕಟ್ಟಿದಳು, ತೆಳುವಾದ ಚೀಲದಲ್ಲಿ. ಬಿಸಿ ಬಿಸ್ಕೀಟಿನ ಉಗಿ ಚೀಲದೊಳಗೇ ಹನಿಗಟ್ಟಿತು.

ನಾನಖಟಾಯಿಯ ನೆನಪು ಆಗ ಬಂತು. ನಮ್ಮ ಚಿಕ್ಕಂದಿನಲ್ಲಿ ಮನೆಯಲ್ಲಿ ಓವನ್ನಿನ ಮಾತೆಲ್ಲಿ? ದೀಪಾವಳಿಯ ಮುಂದೆ ಅವ್ವ ಹಿಟ್ಟು, ಪಿಟ್ಟಿ ಸಕ್ಕರಿ, ತುಪ್ಪಗಳನ್ನು ಕಟ್ಟಿ ಕೊಡುತ್ತಿದ್ದಳು; ನಾವು ಮಕ್ಕಳು ಬೇಕರಿಯ ಭಟ್ಟಿಯ ಮುಂದೆ ಸರದಿಯಲ್ಲಿ ಕೂಡ್ರುತ್ತಿದ್ದೆವು. ಭಟ್ಟಿಯವನು ತಗಡು ಹೊರಗೆಳೆದಾಗ ಕೈ ಹಾಕಿದರೆ ಗದರುತ್ತಿದ್ದನು: ಬಿಸಿಯಾಗಿದ್ದಾಗ ಅವು ಮುಟ್ಟಿದರೆ ಪುಡಿ. ಆರಬೇಕು, ಆಮೇಲೆಯೇ ಅವಕ್ಕೆ ಬಿಗಿ ಬರುವುದು. ತುಪ್ಪ ಹಿಟ್ಟಿನ ಕಣಕಣಕ್ಕೂ ಹತ್ತಿ ಅದು ನಾರಾಗಿ ಎಳೆಯದಂತೆ ಮಾಡುವುದರಿಂದ ನಾನಖಟಾಯಿ ಬಾಯಲ್ಲಿ ಉದುರುತ್ತದೆ. ಅಂದು ಭಟ್ಟಿಯವನು ಗದರಿಸಿ ಕಲಿಸಿದ ಪಾಠ ಅಕ್ಕನಿಗೂ ನನಗೂ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಮರೆತಿದ್ದೆವು.

ಗರಿಗರಿತನದ ಬಗ್ಗೆ ಇನ್ನೊಂದು ಸಂಗತಿ ಓದಿದೆ. ಇಲ್ಲಿ ಅಷ್ಟಾಗಿ ಬೇಕಿಲ್ಲ, ಆದರೂ ಬಿಡಲು ಮನಸ್ಸಾಗದು. ಇಂಗ್ಲೆಂಡಿನ ಆಕ್ಸ್‌ಫರ್ಡಿನ ಇಬ್ಬರು ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬಟಾಟೆಯ ಚಿಪ್ಸು ಕಚ್ಚುವವರ ಕಿವಿಗೆ ಅವರದೇ ಕಚ್ಚುವ ಸಪ್ಪಳವನ್ನು ಹೆಚ್ಚಿಸಿ ಕೇಳಿಸಿದರು. ಚಿಪ್ಸು ಅದೇ, ಸಪ್ಪಳ ದೊಡ್ಡದಾದಾಗ ಹೆಚ್ಚು ಗರಿಗರಿಯೆಂದೂ ತಾಜಾ ಎಂದೂ ಜನ ಹೇಳಿದರು. ಕಿವಿಗೆ ಇಂಪಾದುದನ್ನು ಬಾಯಿ ನಂಬಿಬಿಡುತ್ತದೆ. ನನ್ನ 'ಚಲೋ ಆಗ್ಯಾವು' ಕೇಳಿದ ಅಕ್ಕ, ಅಂದು ರಾತ್ರಿ ತನ್ನದೇ ಒಂದು ಬಿಸ್ಕೀಟು ತಿಂದು, ಹೌದು ಗರಿಯಾಗಿದೆ ಎಂದುಕೊಂಡಿರಬೇಕು.

ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಮತ್ತೆ ಶಿಗ್ಗಾವಿಗೆ ಹೋದೆ. ಅಕ್ಕ ಮೌನವಾಗಿ ಕೇಳಿದಳು. ಕೊನೆಯಲ್ಲಿ ನಾನು ಪಾಂಡಿತ್ಯ ತೋರಿಸಲು, ಬಿಸ್ಕೀಟೆಂಬ ಶಬ್ದದ ಮೂಲ ಲ್ಯಾಟಿನ್ನಿನಲ್ಲಿ 'ಎರಡು ಸಲ ಬೆಂದದ್ದು' ಎಂದಾಗುತ್ತದೆ; ಮೊದಲು ಬೇಯಿಸಿ, ಆಮೇಲೆ ಕಡಿಮೆ ಕಾವಿನಲ್ಲಿ ಒಣಗಿಸಿದರೆ ಒಳಗಿನ ನೀರೂ ಹೋಗುತ್ತದೆ ಎಂದೆ. ಅವಳು ಹಣೆ ಬಡಿದುಕೊಂಡಳು.

"ಅಯ್ಯ, ಇದು ನನ್ನ ರೊಟ್ಟಿನಽ ಅಲ್ಲೇನೋ! ಹಂಚಿನ ಮ್ಯಾಲೆ ಒಮ್ಮೆ, ಒಲಿ ಮುಂದ ಒಮ್ಮೆ. ಐವತ್ತು ವರ್ಷ ಮಾಡೀನಿ. ಈ ಡಬ್ಬಿ ಮನಿಗೆ ಬಂದಕೂಡಲೆ ಎಲ್ಲಾ ಮರತೆ. ನೀ ಆ ದಿನಾನಽ ಮೆತ್ತಗಾಗ್ಯಾವು ಅಂದಿದ್ರ, ನಾನಽ ಹುಡುಕತಿದ್ನೆಲ್ಲೋ!"

ನನ್ನ ಹಾಳೆಯ ತೂಕ ಅಲ್ಲಿಗೆ ಅರ್ಧವಾಯಿತು. ಅವಳಿಗೆ ಬೇಕಾದುದು ವಿಜ್ಞಾನವಾಗಿರಲಿಲ್ಲ. ಬೇಕಾದುದು ಒಂದು ಶಬ್ದ, ಅದು ಸರಿಯಾದ ದಿನ.

ಆದರೆ ಬೆಲ್ಲದ ತೊಡಕು ಉಳಿದೇ ಇತ್ತು. ಎರಡು ಸಲ ಬೇಯಿಸಿದರೂ ಮಳೆಗಾಲದಲ್ಲಿ ಬೆಲ್ಲದ್ದು ಸಕ್ಕರೆಯದರಷ್ಟು ಬಾಳುವುದಿಲ್ಲ. ಅರ್ಧ ಸಕ್ಕರೆ ಬೆರೆಸಿದರೆ ತಡೆಯುತ್ತದೆ. ಅಂಗಡಿಯವನೇ ಉಪಾಯ ಹೇಳಿದನಂತೆ: ಮುಕ್ಕಾಲು ಸಕ್ಕರೆ ಹಾಕ್ರಿ, ಬಣ್ಣಕ್ಕೆ ಕಾಲು ಬೆಲ್ಲ, ಚೀಟಿಯ ಮೇಲೆ 'ಬೆಲ್ಲದ ಬಿಸ್ಕೀಟು' ಎಂದೇ ಇರಲಿ, ಯಾರಿಗೆ ಗೊತ್ತಾಗತೈತಿ? ಅಕ್ಕ ಇದನ್ನು ನನ್ನ ಮುಂದೆ ಇಟ್ಟಳು. ನಾನು ಎದೆಯುಬ್ಬಿಸಿ, ಹಾಗೆ ಮಾಡಬಾರದು, ಪೊಟ್ಟಣದ ಮೇಲೆ ಹಾಕಿದ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂದು ಕಾಯಿದೆಯೇ ಇದೆ, ಬೆಲ್ಲಕ್ಕಿಂತ ಮೊದಲು ಸಕ್ಕರೆಯ ಹೆಸರು ಬರಬೇಕಾಗುತ್ತದೆ ಎಂದು ಉಪನ್ಯಾಸ ಕೊಟ್ಟೆ.

"ಹಂಗಾರ ನೀ ಸುಳ್ಳು ಹೇಳಬಹುದು, ನಾ ಹೇಳಬಾರದು?" ಎಂದಳು.

ನಾನು ಹೇಳಿದ್ದು ಪ್ರೀತಿಯಿಂದ, ಇದು ಲಾಭಕ್ಕೆ ಎನ್ನಬಹುದಾಗಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಅಕ್ಕನ ಲಾಭವೆಂದರೆ ಸಂಘದ ಕಂತು, ಮಗನ ಮುಂದೆ ಕೈಯೊಡ್ಡದಿರುವುದು. ನನ್ನ ಸುಳ್ಳಿನ ಲಾಭವೆಂದರೆ ಒಂದು ಸಂಜೆಯ ನೆಮ್ಮದಿ. ಎರಡನ್ನೂ ತಕ್ಕಡಿಯಲ್ಲಿಟ್ಟರೆ ಅವಳ ಸುಳ್ಳಿಗೇ ಹೆಚ್ಚು ಕ್ಷಮೆ ಸಿಕ್ಕೀತು. ನಾನು ಉತ್ತರ ಕೊಡಲಿಲ್ಲ. ಅವಳೇ ಚೀಟಿಗಳ ಕಟ್ಟನ್ನು ತೆಗೆದು ನೋಡಿದಳು. ಅಚ್ಚು ಹಾಕಿಸಿದ 500 ಚೀಟಿಗಳು, 'ಅಪ್ಪಟ ಬೆಲ್ಲದ್ದು' ಎಂದು ದಪ್ಪಕ್ಷರ. ಅವನ್ನು ಸುಡಲಿಲ್ಲ, ಹರಿಯಲಿಲ್ಲ. ನನ್ನ ಅಕ್ಕ ಅಂಥ ನಾಟಕದವಳಲ್ಲ. ಮಳೆಗಾಲ ಮುಗಿಯುವವರೆಗೆ ಸಕ್ಕರೆಯದು, ಚಳಿ ಬಿದ್ದ ಮೇಲೆ ಬೆಲ್ಲದ್ದು ಎಂದು ತೀರ್ಮಾನಿಸಿ, ಕಟ್ಟನ್ನು ಮತ್ತೆ ಕಪಾಟಿನಲ್ಲಿಟ್ಟಳು. ಸಕ್ಕರೆಯ ಪೊಟ್ಟಣಕ್ಕೆ ಎರಡು ರೂಪಾಯಿ ಕಡಿಮೆ.

ಶಿಗ್ಗಾವಿ ತಾಲೂಕಿನ ಬಾಡ ಕನಕದಾಸರು ಹುಟ್ಟಿದ ಊರು. ಅವರ 'ರಾಮಧಾನ್ಯ ಚರಿತೆ'ಯನ್ನು ಶಾಲೆಯಲ್ಲಿ ಓದದವರು ನಮ್ಮಲ್ಲಿ ಕಡಿಮೆ. ಭತ್ತ ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳ ಬಂದಾಗ ರಾಮನು ತಿಂದು ನೋಡಿ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ತೆಗೆದಾಗ ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗಿಯೇ ಇತ್ತು. ಆ ಕಾವ್ಯದಲ್ಲಿ ಮೇಲುಕೀಳಿನ ದೊಡ್ಡ ವಿಚಾರವಿದೆ, ಅದನ್ನು ಬಿಸ್ಕೀಟಿಗೆ ಇಳಿಸುವುದು ಅಧಿಕಪ್ರಸಂಗವೇ. ಆದರೂ ಅಕ್ಕನ ಅಡಿಗೆಮನೆಯಲ್ಲಿ ನನಗೆ ನೆನಪಾದದ್ದು ಆ ಆರು ತಿಂಗಳು. ಭಟ್ಟಿಯಿಂದ ಈಗ ತಾನೇ ಇಳಿದುದರ ಮುಂದೆ ನಿಂತು ಯಾರಾದರೂ ಒಳ್ಳೆಯ ಮಾತಾಡಿಯಾರು. ಇಟ್ಟು, ಕಾದು, ತೆಗೆದು ನೋಡಿ, ಆಮೇಲೆ ಕಂಡುದನ್ನು ಕಂಡ ಹಾಗೆ ಹೇಳಬೇಕಾದರೆ ತೀರ್ಪು ಕೊಡುವವನೂ ಸ್ವಲ್ಪ ಶ್ರಮಪಡಬೇಕು.

ಕಳೆದ ಬುಧವಾರ ಅಕ್ಕ ಇನ್ನೊಂದು ಡಬ್ಬಿ ಕಳಿಸಿದ್ದಾಳೆ. ಸಕ್ಕರೆಯದು, ತುಪ್ಪದ್ದು, ಒಂದು ಮುಷ್ಟಿ ಅಕ್ಕಿಹಿಟ್ಟು ಬೆರೆಸಿದ್ದು, ಎರಡು ಸಲ ಬೇಯಿಸಿದ್ದು. ಈ ಸಲ ಡಬ್ಬಿಯ ಮೇಲೆ ಚೀಟಿ ಅಂಟಿಸಿದ್ದಾಳೆ: 'ನಾಲ್ಕು ದಿನ ತಗೀಬ್ಯಾಡ.' ಮೊಮ್ಮಗನ ಕೈಗೆ ಸಿಗದಂತೆ ಪುಸ್ತಕದ ಕಪಾಟಿನ ಮೇಲೆ ಇಟ್ಟಿದ್ದೆ. ಹೊರಗೆ ಮೂರು ದಿನದಿಂದ ಜಡಿಮಳೆ ಬಿಟ್ಟಿಲ್ಲ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಕಾಲ ಸಿಗಲಾರದು. ಇದನ್ನು ಬರೆಯುತ್ತ ಕುಳಿತಾಗ ಡಬ್ಬಿ ತೆಗೆದು ಒಂದನ್ನು ಮುರಿದೆ. ಅಂಚು 'ಕಟ್' ಎಂದಿತು. ನಡುವೆ ಒಂದು ಕಾಳಿನಷ್ಟು ಜಾಗ ಇನ್ನೂ ಮೆತ್ತಗಿದೆ. ಇನ್ನೊಂದು ಮುರಿದೆ, ಅದೂ ಹಾಗೆಯೇ. ಹೆಂಡತಿಗೆ ಕೊಟ್ಟೆ, ಅವಳು ಚಹದಲ್ಲಿ ಅದ್ದದೆ ತಿಂದಳು, ಆಮೇಲೆ ನಡು ಮೆತ್ತಗಿದೆ ಎಂದಳು. ಲಟ್ಟಿಸುವುದು ಇನ್ನೊಂದಿಷ್ಟು ತೆಳ್ಳಗಾಗಬೇಕು.

ಸಂಜೆ ಫೋನು ಬರುತ್ತದೆ. ಇಷ್ಟು ಬೇಯಿಸಿದ ಮೇಲೂ ಮೆತ್ತಗೆಂದರೆ ಅಕ್ಕ ಖಂಡಿತ ಬೈಯುವಳು.